ಸಾಕವ್ವ ಎಂಬ ಹೆಸರು



ನಮ್ಮ ಮೇಲವಂಕಿ ಕಡೆ ಯಲ್ಲವ್ವ, ಲಗಮವ್ವ ಎಂದರೆ ದೇವಿಯ ಹೆಸರು. ಹಾಗಾದರೆ ಸಾಕವ್ವ? ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಅದು ‘ಇನ್ನು ಸಾಕು’ ಎಂದು ದೇವರಿಗೆ ಹಾಕಿದ ಅರ್ಜಿ. ಮರಾಠಿಯಲ್ಲಿ ಇಂಥವಳು ‘ನಕೋಶಿ’, ಬೇಡವಾದವಳು. ದೂರದ ಚೀನಾದಲ್ಲೂ ‘ಲಾಯ್‌ದಿ’ ಇದ್ದಾಳೆ, ಅಂದರೆ ‘ತಮ್ಮ ಬರಲಿ’.

ನಮ್ಮಲ್ಲಂತೂ ಕೂಸು ತೊಟ್ಟಿಲಲ್ಲಿರುವಾಗಲೇ ವರದಕ್ಷಿಣೆಯ ಲೆಕ್ಕ ಶುರುವಾಗುತ್ತದೆ. ಆ ಹೆದರಿಕೆಯೇ ಹೆಸರಾಗಿ ಜೀವಮಾನವಿಡೀ ಅವಳನ್ನು ಕೂಗುತ್ತದೆ.

2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ 285 ಹುಡುಗಿಯರು ಇಂಥ ಹೆಸರು ಬಿಟ್ಟು ಹೊಸದನ್ನು ಪಡೆದರು. ಕೆಲವರು ಸಿನಿಮಾ ತಾರೆಯ ಹೆಸರನ್ನೇ ಆರಿಸಿಕೊಂಡರು. ಯಾಕಾಗಬಾರದು? ಹೆಸರು ಬದಲಾದರೆ ವರದಕ್ಷಿಣೆ ಕೇಳುವವರ ಬಾಯಿ ಮುಚ್ಚುವುದಿಲ್ಲ, ನನಗೂ ಗೊತ್ತು. 1961ರ ಕಾಯ್ದೆಗೇ ಅವರು ಬಗ್ಗಿಲ್ಲ.

ಜನನ ನೋಂದಣಿಯಾದ 12 ತಿಂಗಳೊಳಗೆ ಮಗುವಿನ ಹೆಸರನ್ನು ಶುಲ್ಕವಿಲ್ಲದೆ ಬರೆಸಬಹುದು. ಹೆಸರಿಡದ ಕೂಸಿದ್ದರೆ ಸಂಘದ ಸಭೆಗೆ ಎತ್ತಿಕೊಂಡು ಬನ್ನಿ, ಕೂಡಿ ಆರಿಸೋಣ.