ರೋಗಜಾಲ ವಿಚಾರ
(ಹಲಗೇರಿಯಲ್ಲಿ ಕೊಡಲಾದ ಉಪನ್ಯಾಸ)

 

ದೇಹವು ಸ್ವಸ್ಥವಾಗಿದ್ದಲ್ಲದೆ ಪೂಜೆಯಾಗಲಿ, ಕಾಯಕವಾಗಲಿ, ದಾಸೋಹವಾಗಲಿ ಸಾಂಗವಾಗಿ ನಡೆಯದೆಂಬದು ಸರ್ವರಿಗೂ ವಿದಿತವಾದ ಸಂಗತಿಯು. ಆದಕಾರಣವೇ ಶರಣರ ಗಣದಲ್ಲಿ ವೈದ್ಯ ಸಂಗಣ್ಣನಿಗೂ ಸ್ಥಾನವಿದ್ದಿತು. ಆತನ ವಚನಗಳಲ್ಲಿ ವ್ಯಾಧಿ, ಔಷಧ, ಪಥ್ಯಗಳ ಪರಿಭಾಷೆಯು ಅನುಭಾವದ ನುಡಿಯೊಡನೆ ಬೆರೆತು ಬಂದಿದೆ. ಆದರೆ ಲೋಕದ ಜನರು ರೋಗಗಳನ್ನು ಬದುಗಟ್ಟಿದ ಹೊಲಗಳಂತೆ ಬೇರೆ ಬೇರೆಯಾಗಿ ಎಣಿಸುತ್ತಾರೆ. ಇದು ಎದೆಯ ಬೇನೆ, ಅದು ಮೂತ್ರದ ಬೇನೆ, ಮತ್ತೊಂದು ಕಣ್ಣಿನ ಬೇನೆ. ಒಂದೊಂದಕ್ಕೂ ಒಬ್ಬೊಬ್ಬ ವೈದ್ಯ, ಒಂದೊಂದು ಗುಳಿಗೆ. ಈ ಎಣಿಕೆಯು ಸರಿಯೇ? ವ್ಯಾಧಿಗಳು ಬದುಗಟ್ಟಿದ ಹೊಲಗಳೋ, ಅಥವಾ ಒಂದು ಗಂಟನ್ನು ಜಗ್ಗಿದರೆ ಹತ್ತು ಗಂಟುಗಳು ಅಲುಗುವ ಬಲೆಯೋ? ಇಂದಿನ ವಿಚಾರವು ಇದೇ.

ಈ ಪ್ರಶ್ನೆಯು ಹೊಸದಲ್ಲ. ಒಂದು ರೋಗವು ಮತ್ತೊಂದು ರೋಗಕ್ಕೆ ಕಾರಣವಾಗುವ ಬಗೆಯು ಚರಕಸಂಹಿತೆಯ ನಿದಾನಸ್ಥಾನದಲ್ಲಿ, ಅಪಸ್ಮಾರವನ್ನು ಹೇಳುವ ಕಡೆಯ ಅಧ್ಯಾಯದಲ್ಲಿ, ನಿರೂಪಿತವಾಗಿದೆ. ಇಂಥ ರೋಗಕ್ಕೆ ನಿದಾನಾರ್ಥಕರವೆಂದು ಹೆಸರು. ಜ್ವರದ ತಾಪದಿಂದ ರಕ್ತಪಿತ್ತ, ರಕ್ತಪಿತ್ತದಿಂದ ಮರಳಿ ಜ್ವರ, ಇವೆರಡರಿಂದ ಶೋಷ. ಪ್ಲೀಹವು ಬೆಳೆದು ಉದರರೋಗ, ಉದರದಿಂದ ಬಾವು. ನೆಗಡಿಯಿಂದ ಕೆಮ್ಮು, ಕೆಮ್ಮಿನಿಂದ ಕ್ಷಯ. ಹೀಗೆ ಸರಪಳಿಯು ಬೆಳೆಯುತ್ತದೆ. ಕೆಲವು ರೋಗಗಳು ಇನ್ನೊಂದನ್ನು ಹುಟ್ಟಿಸಿ ತಾವು ಶಮನವಾಗುತ್ತವೆ; ಕೆಲವು ಇನ್ನೊಂದನ್ನು ಹುಟ್ಟಿಸಿಯೂ ತಾವು ಉಳಿಯುತ್ತವೆ ಎಂಬ ಸೂಕ್ಷ್ಮವೂ ಅಲ್ಲಿಯೇ ಉಂಟು. ಆದುದರಿಂದಲೇ, ಒಂದನ್ನು ತಣಿಸಿ ಮತ್ತೊಂದನ್ನು ಕೆರಳಿಸುವ ಚಿಕಿತ್ಸೆಯು ಶುದ್ಧವಾದ ಚಿಕಿತ್ಸೆಯಲ್ಲವೆಂದು ಆಚಾರ್ಯರು ನಿರ್ಣಯಿಸಿದರು.

ಇಷ್ಟರಿಂದ ಇಂದಿನ ಶಾಸ್ತ್ರವೆಲ್ಲವೂ ಪೂರ್ವಿಕರಿಗೆ ತಿಳಿದಿದ್ದಿತೆಂದು ಬೀಗುವದು ಪಾಂಡಿತ್ಯವಲ್ಲ. ಅವರು ರೋಗಿಯ ಹಾಸಿಗೆಯ ಬಳಿ ಕುಳಿತು ಕಂಡದ್ದನ್ನು ಹೇಳಿದರು. ಸಾವಿರಾರು ರೋಗಗಳನ್ನು ಒಂದೇ ಪಟದಲ್ಲಿ ಬರೆದು ನೋಡುವ ಗಣಿತವು ಬೇರೊಂದು ಕಡೆಯಿಂದ ಬಂದಿತು. 1736ರಲ್ಲಿ ಆಯ್ಲರನೆಂಬ ಗಣಿತಜ್ಞನು ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಕುರಿತು, ಒಂದು ಸೇತುವೆಯನ್ನೂ ಎರಡು ಸಲ ದಾಟದೆ ಎಲ್ಲವನ್ನೂ ಸುತ್ತಿ ಬರುವದು ಸಾಧ್ಯವಿಲ್ಲವೆಂದು ಸಾಧಿಸಿದನು. ನೆಲಕ್ಕೆ ಚುಕ್ಕೆ, ಸೇತುವೆಗೆ ಗೆರೆ. ಇಷ್ಟೇ ಆ ಶಾಸ್ತ್ರದ ಬೀಜವು.

ಇದು ಈ ಸೀಮೆಯವರಿಗೆ ಸುಲಭವಾಗಿ ತಿಳಿಯತಕ್ಕದ್ದು. ಹಲಗೇರಿ, ರಾಣೇಬೆನ್ನೂರು, ಮೋಟೆಬೆನ್ನೂರು, ಬ್ಯಾಡಗಿ, ಹಾವೇರಿ ಈ ಒಂದೊಂದು ಊರಿಗೆ ಒಂದೊಂದು ಚುಕ್ಕೆಯನ್ನಿಟ್ಟು, ದಾರಿಯಿದ್ದಲ್ಲಿ ಗೆರೆಯನ್ನೆಳೆದರೆ ಜಾಲವಾಗುವದು. ಮೋಟೆಬೆನ್ನೂರು ದೊಡ್ಡ ಪಟ್ಟಣವಲ್ಲ. ಆದರೆ ಹೆದ್ದಾರಿಯಿಂದ ಬ್ಯಾಡಗಿಗೆ ತಿರುಗುವ ದಾರಿ ಅಲ್ಲಿದೆ. ಅಲ್ಲಿ ದಾರಿ ಕಟ್ಟಿದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೂ ಅದರ ಬಿಸಿ ತಟ್ಟುವದು. ಜಾಲದಲ್ಲಿ ಊರಿನ ಮಹತ್ವವು ಅದರ ಗಾತ್ರದಿಂದಲ್ಲ, ಕೂಡುವ ದಾರಿಗಳಿಂದ ತಿಳಿಯುವದು.

ಇದೇ ರೀತಿಯಿಂದ 2007ರಲ್ಲಿ ಬರಾಬಾಶಿ ಮೊದಲಾದ ವಿದ್ವಾಂಸರು ಮಾನವರೋಗಗಳ ಪಟವೊಂದನ್ನು ಅಮೇರಿಕೆಯಲ್ಲಿ ಪ್ರಕಟಿಸಿದರು. ಒಂದೊಂದು ರೋಗವೂ ಒಂದು ಚುಕ್ಕೆ. ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ವಂಶವಾಹಿಗಳಲ್ಲಿ ಯಾವುದಾದರೊಂದರ ದೋಷವು ಎರಡು ರೋಗಗಳಿಗೆ ಸಂಬಂಧಿಸಿದ್ದರೆ, ಆ ಎರಡರ ನಡುವೆ ಒಂದು ಗೆರೆ. 1,284 ರೋಗಗಳನ್ನೂ 1,777 ವಂಶವಾಹಿಗಳನ್ನೂ ಗಣನೆಗೆ ತಂದಾಗ, 867 ರೋಗಗಳು ಬೇರೊಂದು ರೋಗದೊಡನೆ ಕೂಡಿದ್ದವು. ಅವುಗಳಲ್ಲಿ 516 ಒಂದೇ ದೊಡ್ಡ ಬಲೆಯಾಗಿ ಹೆಣೆದುಕೊಂಡಿದ್ದವು. ದೊಡ್ಡ ಕರುಳಿನ ಅರ್ಬುದವೊಂದಕ್ಕೇ 50 ರೋಗಗಳ ನಂಟು ಕಂಡಿತು. 2009ರಲ್ಲಿ ಇನ್ನೊಂದು ಪಟವು ವಂಶವಾಹಿಯನ್ನು ಬಿಟ್ಟು, ಮೂರು ಕೋಟಿಗೂ ಮಿಕ್ಕಿದ ರೋಗಿಗಳ ದಾಖಲೆಗಳಿಂದ, ಯಾವ ರೋಗದೊಡನೆ ಯಾವುದು ಕೂಡಿ ಬರುವದೆಂಬದನ್ನು ತೋರಿಸಿತು.

ಆದರೆ ಈ ಪಟಗಳಲ್ಲಿ ಕಾಣದ ಗೆರೆಯೊಂದುಂಟು. ಅದನ್ನು ತೋರಿಸಿದ್ದು ಕನ್ನಡನಾಡಿನ ಮೈಸೂರೇ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ಬರೆದಿಟ್ಟವರಿಗೆ ಮುಂದೆ ಅದರಿಂದ ಇಂಥ ಫಲ ಬರುವದೆಂಬ ಕಲ್ಪನೆ ಇದ್ದಿರಲಾರದು. 1934ರಿಂದ 1954ರ ವರೆಗೆ ಅಲ್ಲಿ ಹುಟ್ಟಿದ 517 ಜನ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದ ವೈದ್ಯರು 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳಗಳ ರೋಗವಿದ್ದಿತು, 3.1 ಕಿಲೋ ಮತ್ತು ಅದಕ್ಕೆ ಮೇಲ್ಪಟ್ಟು ತೂಗಿದವರಲ್ಲಿ ನೂರಕ್ಕೆ 3 ಜನರಿಗೆ ಮಾತ್ರ. ಕೃಶಳಾದ ತಾಯಿ, ಕಿರಿದಾದ ಶಿಶು, ನಡುಪ್ರಾಯ ದಾಟಿದ ಮೇಲೆ ಹೃದ್ರೋಗ: ಅರ್ಧಶತಮಾನದಷ್ಟು ಉದ್ದವಾದ ಎಳೆ ಇದು! ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನವು, ಗರ್ಭಿಣಿಯಾಗಿದ್ದಾಗ ಮಧುಮೇಹಕ್ಕೆ ಒಳಗಾದ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಎಳವೆಯಲ್ಲಿಯೇ ಮೈಕೊಬ್ಬು ಹೆಚ್ಚಾಗಿರುವದನ್ನು ಕಂಡಿತು. ತಾಯಿಯ ಹಸಿವೂ ಮುಂದಿನ ಪೀಳಿಗೆಗೆ ಇಳಿಯುವದು, ತಾಯಿಯ ಮಧುಮೇಹವೂ ಇಳಿಯುವದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಗೆರೆಯಿದ್ದ ಮಾತ್ರಕ್ಕೆ ಕಾರಣವಿದೆಯೆಂದು ತಿಳಿಯಬಾರದು. ಒಂದೇ ಮನೆಯಲ್ಲಿ ವಾಸಿಸುವವರೆಲ್ಲ ಒಬ್ಬರನ್ನೊಬ್ಬರು ಹೆತ್ತವರಲ್ಲ. ಎರಡನೆಯದು, ಕಿರಿದಾಗಿ ಹುಟ್ಟಿದವನಿಗೆ ಹೃದ್ರೋಗವು ಹಣೆಬರಹವಲ್ಲ. ನೂರರಲ್ಲಿ 11 ಜನರಿಗೆ ರೋಗವೆಂದರೆ 89 ಜನರಿಗೆ ಇಲ್ಲವೆಂದೇ ಅರ್ಥ. ಪಟವಿರುವದು ಹೆದರಿಸುವದಕ್ಕಲ್ಲ, ಎಲ್ಲಿ ಕಾವಲು ಹಾಕಬೇಕೆಂಬದನ್ನು ತೋರಿಸುವದಕ್ಕೆ.

ಆ ಕಾವಲು ಹೇಗಿರಬೇಕು? ಮಧುಮೇಹವುಳ್ಳವನಿಗೆ ಕ್ಷಯವು ತಗಲುವ ಸಂಭವವು ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಆದುದರಿಂದ ಕ್ಷಯರೋಗಿಗೆ ಮಧುಮೇಹದ ಪರೀಕ್ಷೆಯನ್ನೂ, ಮಧುಮೇಹಿಗೆ ಕ್ಷಯದ ಲಕ್ಷಣಗಳ ವಿಚಾರಣೆಯನ್ನೂ ಮಾಡಬೇಕೆಂದು ಸರಕಾರದ ವೈದ್ಯವಿಧಿಯೇ ಇದೆ. ಎರಡು ವಾರ ದಾಟಿದ ಕೆಮ್ಮನ್ನು ಮಧುಮೇಹಿಯು ನೆಗಡಿಯ ಕೆಮ್ಮೆಂದು ಸುಮ್ಮನೆ ಬಿಡಬಾರದು. ಮಧುಮೇಹವಿದ್ದವನು ತನ್ನ ಕಣ್ಣು, ಮೂತ್ರಪಿಂಡ, ಪಾದಗಳನ್ನೂ ಕಾಲಕಾಲಕ್ಕೆ ತೋರಿಸಿಕೊಳ್ಳತಕ್ಕದ್ದು. ಅವು ಆ ಚುಕ್ಕೆಯ ನೆರೆಹೊರೆಯವು. ಹಲವು ವೈದ್ಯರಲ್ಲಿಗೆ ಹೋಗುವವನು ತಾನು ಸೇವಿಸುವ ಎಲ್ಲ ಔಷಧಗಳನ್ನೂ ಪ್ರತಿಯೊಬ್ಬ ವೈದ್ಯನಿಗೂ ಹೇಳತಕ್ಕದ್ದು; ಹೇಳದಿದ್ದರೆ ಆಚಾರ್ಯರು ನಿಷೇಧಿಸಿದ ಅಶುದ್ಧ ಚಿಕಿತ್ಸೆಯೇ ನಡೆಯುವದು.

ಎಲ್ಲಕ್ಕೂ ಮಿಗಿಲಾದುದು ತಾಯಿಯ ಅನ್ನ. ಅನೇಕ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು ಸೊಸೆ. ಅವಳು ಬಸಿರಾಗಿದ್ದರೂ ಈ ರೂಢಿಯು ತಪ್ಪದು. ಆ ತಾಟಿನಲ್ಲಿ ಕಡಿಮೆಯಾದ ರೊಟ್ಟಿಯ ಲೆಕ್ಕವು ಐವತ್ತು ವರ್ಷಗಳ ತರುವಾಯ ಮಗನ ಎದೆಯಲ್ಲಿ ತೋರಬಹುದು. ಮಠದಲ್ಲಿ ಬಂದವರಿಗೆಲ್ಲ ಸಮನಾಗಿ ಪ್ರಸಾದವು ಸಲ್ಲುವದು. ಮನೆಯಲ್ಲಿ ಮಾತ್ರ ಪಂಕ್ತಿಭೇದವೇಕೆ? ಬಸುರಿಯನ್ನು ಮೊದಲು ಉಣಿಸುವದು, ಅವಳ ರಕ್ತವನ್ನೂ ಸಕ್ಕರೆಯನ್ನೂ ಸಕಾಲದಲ್ಲಿ ಪರೀಕ್ಷೆ ಮಾಡಿಸುವದು, ಇವೂ ದಾಸೋಹವೇ. ಜಾಲದ ಕೂಡುದಾರಿಯಲ್ಲಿ ನಿಂತವಳು ಅವಳು. ಆ ಒಂದು ಗಂಟನ್ನು ಕಾಯ್ದರೆ ಹಲವು ಎಳೆಗಳು ತಾವೇ ಭದ್ರವಾಗುವವು.

ಶಿವನು ಸರ್ವರಿಗೂ ಆರೋಗ್ಯಭಾಗ್ಯವನ್ನು ಕರುಣಿಸಲಿ. ಶಿವಮಸ್ತು.