ಚಾಟಿ ಯಾರ ಕೈಯಲ್ಲಿತ್ತು?

(ಬೆಳ್ಮಣ್‌ನಲ್ಲಿ ಹಾಸ್ಟೆಲ್ ಗೆಳೆಯರ ಎದುರು ಆಡಿದ ಮಾತು)



ವ್ಯಂಗ್ಯಚಿತ್ರ ಅಂದರೆ ನಾಲ್ಕು ಗೆರೆ. ಮೂಗು ಇದ್ದದ್ದಕ್ಕಿಂತ ಒಂಚೂರು ಉದ್ದ, ಹೊಟ್ಟೆ ಇದ್ದದ್ದಕ್ಕಿಂತ ಒಂಚೂರು ದಪ್ಪ. ನೋಡಿದ ಕೂಡಲೇ ನಗು ಬರ್ತದೆ. ಯೋಚನೆ ಮಾಡಲಿಕ್ಕೆ ಪುರುಸೊತ್ತು ಕೊಡುವುದಿಲ್ಲ. ಅದರ ಶಕ್ತಿಯೂ ಅದೇ, ಮೋಸವೂ ಅದೇ.

1949ರ ಆಗಸ್ಟಿನಲ್ಲಿ ಶಂಕರ್ ತಮ್ಮ 'ಶಂಕರ್ಸ್ ವೀಕ್ಲಿ'ಯಲ್ಲಿ ಬರೆದ ಚಿತ್ರ ನೋಡಿ. ಸಂವಿಧಾನ ಒಂದು ಬಸವನಹುಳು. ಮೇಲೆ ಬಾಬಾಸಾಹೇಬರು ಚಾಟಿ ಹಿಡಿದು ಕೂತಿದ್ದಾರೆ. ಹಿಂದೆ ನೆಹರೂ, ಅವರ ಕೈಯಲ್ಲೂ ಎತ್ತಿದ ಚಾಟಿ. ಜನ ನೋಡ್ತಾ ನಿಂತಿದ್ದಾರೆ. 2006ರಲ್ಲಿ ಇದು ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕಕ್ಕೂ ಬಂತು. 2012ರಲ್ಲಿ ಪಾರ್ಲಿಮೆಂಟಿನಲ್ಲಿ ಗದ್ದಲವಾದಾಗ ಕೆಲವರು ಹೇಳಿದರು: ಹೊಡೆತ ಹುಳುವಿಗೆ, ಅಂಬೇಡ್ಕರರಿಗಲ್ಲ, ಇವರಿಗೆ ಹಾಸ್ಯವೇ ತಿಳಿಯುವುದಿಲ್ಲ.

ಆಯ್ತು ಮಾರಾಯ್ರೇ, ಹುಳುವಿಗೇ ಇರಲಿ. ಆದರೆ ಬ್ರಾಹ್ಮಣನ ಕೈಯ ಚಾಟಿ ದಲಿತನ ಬೆನ್ನ ಹಿಂದೆ ಎದ್ದರೆ, ಈ ದೇಶದಲ್ಲಿ ಅದು ಬರೀ ಗೆರೆಯೇ? ತಡ ಯಾಕಾಯಿತು ಅಂತಲೂ ಕೇಳಿ. ಕರಡಿಗೆ ಬಂದ ತಿದ್ದುಪಡಿಗಳು ಸುಮಾರು 7,635. ಸಭೆಯಲ್ಲಿ ಮಂಡನೆಯಾದದ್ದೇ 2,473. ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರಿಗೆ ಸಂಸ್ಥಾನಗಳ ಕೆಲಸ. ಹೊರೆಯೆಲ್ಲ ಅಂಬೇಡ್ಕರರ ಹೆಗಲಿಗೆ ಬಿತ್ತು. ಇದು ನಮ್ಮ ಮಾತಲ್ಲ, ಟಿ.ಟಿ. ಕೃಷ್ಣಮಾಚಾರಿ 1948ರ ನವೆಂಬರಿನಲ್ಲೇ ಸಂವಿಧಾನ ಸಭೆಯಲ್ಲಿ ಹೇಳಿದ್ದು. ಚಿತ್ರ ಬಂದದ್ದು ಅದಾದ ಒಂಬತ್ತು ತಿಂಗಳಿಗೆ! ಆ ಖಾಲಿ ಕುರ್ಚಿಗಳನ್ನು ಬರೆದಿದ್ದರೆ ಎಂಥಾ ವ್ಯಂಗ್ಯಚಿತ್ರ ಆಗ್ತಿತ್ತು! ಶಂಕರರ ಕೈ ದೊಡ್ಡದೇ, ಕಣ್ಣು ಅಲ್ಲಿಗೆ ಹೋಗಲಿಲ್ಲ.

ನಮ್ಮ ಈ ಕಡೆಯಲ್ಲಿ ಇಂಥ ನಗುವಿಗೆ ಕಾಗದವೂ ಬೇಕಿರಲಿಲ್ಲ. ಕೊರಗರಲ್ಲದವರು ಹಬ್ಬದ ದಿನ ಮೈಗೆ ಮಸಿ ಬಳಿದು, ತಲೆಗೆ ಹಾಳೆಯ ಟೊಪ್ಪಿ ಇಟ್ಟು 'ಕೊರಗ ವೇಷ' ಕುಣಿದರು. ನೋಡಿದವರು ನಕ್ಕು ಕಾಸು ಕೊಟ್ಟರು. ಅದೂ ವ್ಯಂಗ್ಯಚಿತ್ರವೇ, ಮೈಮೇಲೆ ಬರೆದದ್ದು. ಒಬ್ಬ ಮಂತ್ರಿಯ ಮೂಗು ಉದ್ದ ಮಾಡುವುದು ಬೇರೆ, ಒಂದು ಕುಲದ ಮೈಬಣ್ಣವನ್ನೇ ನಗೆಗೆ ಇಡುವುದು ಬೇರೆ. ಕೊರಗರನ್ನು ಮನುಷ್ಯರಂತೆ ಕಾಣದ ಅಜಲು ಪದ್ಧತಿಗೆ ನಿಷೇಧ ಬರಲಿಕ್ಕೆ 2000ದ ಕಾಯ್ದೆಯೇ ಬೇಕಾಯಿತು.

ಹಾಗಂತ ಗೆರೆಯ ಮೇಲೆ ಸಿಟ್ಟು ಬೇಡ. ದಲಿತ ವ್ಯಂಗ್ಯಚಿತ್ರಕಾರ ಉನ್ನಮತಿ ಶ್ಯಾಮಸುಂದರ್ 1932ರಿಂದ 1956ರವರೆಗೆ ಪತ್ರಿಕೆಗಳು ಅಂಬೇಡ್ಕರರನ್ನು ಬರೆದ ನೂರಕ್ಕೂ ಹೆಚ್ಚು ಚಿತ್ರ ಹುಡುಕಿ 2019ರಲ್ಲಿ ಪುಸ್ತಕ ಮಾಡಿದರು. ಹರಿದು ಹಾಕಲಿಲ್ಲ, ಎಲ್ಲರೆದುರು ಹರಡಿಟ್ಟರು.

ನಿಮ್ಮಲ್ಲಿ ನೋಟ್‌ಬುಕ್ಕಿನ ಹಿಂದೆ ವಾರ್ಡನ್‌ರ ಮುಖ ಬರೆಯುವವರು ಇದ್ದೇ ಇರ್ತೀರಿ. ಸ್ಟೆನ್ಸಿಲ್ ಹಾಳೆಯಲ್ಲಿ ನೆರಳು, ಬಣ್ಣ ಬರುವುದಿಲ್ಲ, ಗೆರೆ ಮಾತ್ರ. ಜೋರಾಗಿ ಒತ್ತಿದರೆ ಹರೀತದೆ. ಮುಂದಿನ ಸಂಚಿಕೆಗೆ ಯಾರಾದರೂ ಆ ಖಾಲಿ ಕುರ್ಚಿಗಳನ್ನು ಬರೆದು ಕೊಡಿ.