ಕೋಟೆಯೊಳಗೊಂದು ಊರಿದೆ

ಶ್ರೀರಂಗಪಟ್ಟಣವನ್ನು ನೋಡದ ಕನ್ನಡಿಗರು ವಿರಳ. ಅಲ್ಲಿ ಒಂದು ರಾತ್ರಿ ತಂಗಿದವರು ಇನ್ನೂ ವಿರಳ. ಮೈಸೂರಿನಿಂದ ಹೊರಟ ಪ್ರವಾಸಿ ಬಸ್ಸು ದರಿಯಾ ದೌಲತ್ತು, ಗುಂಬಜ್, ರಂಗನಾಥನ ಗುಡಿ, ಟಿಪ್ಪುವಿನ ದೇಹ ಸಿಕ್ಕ ಸ್ಥಳ, ಇಷ್ಟನ್ನು ಎರಡು ಮೂರು ಗಂಟೆಗಳಲ್ಲಿ ತೋರಿಸಿ, ದೀಪ ಹತ್ತುವ ಹೊತ್ತಿಗೆ ಬೃಂದಾವನವನ್ನು ತಲುಪುವ ಆತುರದಲ್ಲಿರುತ್ತದೆ. ಯಾತ್ರಿಕ ಇಳಿಯುತ್ತಾನೆ, ನೋಡುತ್ತಾನೆ, ಏರುತ್ತಾನೆ. ಈ ಅವಧಿಯಲ್ಲಿ ಅವನ ಕಾಲು ಊರಿನ ಬೀದಿಯನ್ನು ಮುಟ್ಟುವುದೇ ಅಪರೂಪ. ಕೋಟೆಯೊಳಗೆ ಜನ ಬದುಕುತ್ತಿದ್ದಾರೆ, ಅಲ್ಲಿ ಅಂಗಡಿಯಿದೆ, ಶಾಲೆಯಿದೆ, ಮನೆಯ ಮುಂದೆ ರಂಗೋಲಿಯಿದೆ ಎಂಬುದು ಅವನ ಗಮನಕ್ಕೆ ಬಾರದು.

ಈ ಮಾತನ್ನು ಇಂದು ಎತ್ತಲು ಕಾರಣವಿದೆ. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ದಾರಿಯಲ್ಲಿ ಸಿಗುವ ಊರುಗಳನ್ನೆಲ್ಲ ಬಳಸಿಕೊಂಡು ಹೋಗುವುದೇ ಅದರ ಹೆಮ್ಮೆ. ಶ್ರೀರಂಗಪಟ್ಟಣಕ್ಕೂ ಬೈಪಾಸು ಬಂದಿತು. ಹಿಂದೆ ಮೈಸೂರಿಗೆ ಹೋಗುವವನು ಬೇಕಿರಲಿ ಬೇಡದಿರಲಿ ಈ ದ್ವೀಪವನ್ನು ಹಾಯ್ದೇ ಹೋಗಬೇಕಿತ್ತು. ಕೋಟೆಯ ಗೋಡೆ ಕಂಡರೆ ಇಳಿದು ಒಂದು ಲೋಟ ಕಾಫಿಯನ್ನಾದರೂ ಕುಡಿಯುತ್ತಿದ್ದ. ಈಗ ಬರಬೇಕೆಂದು ಮನಸ್ಸು ಮಾಡಿದವನು ಮಾತ್ರ ಬರುತ್ತಾನೆ.

ಈ ಊರನ್ನು ಬಿಟ್ಟು ಹೋಗುವುದು ಚರಿತ್ರೆಗೆ ಹೊಸದೇನೂ ಅಲ್ಲ. 1610ರಲ್ಲಿ ರಾಜ ಒಡೆಯರು ಗೆದ್ದುಕೊಂಡಂದಿನಿಂದ ರಾಜಧಾನಿಯಾಗಿದ್ದ ಪಟ್ಟಣವು 1799ರ ಮೇ 4ರಂದು ಬಿದ್ದಿತು. ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷವೇ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಜನ ಕರಗಿಹೋದ ಊರನ್ನು ಕಂಡು ಬರೆದಿಟ್ಟ. ಕೆಲವು ವರ್ಷಗಳಲ್ಲಿ, ಚಳಿಜ್ವರದ ಕಾಟವನ್ನು ತಾಳಲಾರದೆ, ಬ್ರಿಟಿಷರ ದಂಡೂ ಬೆಂಗಳೂರಿಗೆ ಹೊರಟುಹೋಯಿತು. ದೊರೆ ಹೋದ, ದಂಡು ಹೋಯಿತು, ಈಗ ದಾರಿಯೂ ಹೋಯಿತು. ಹೋಗದೆ ಉಳಿದವರು ರಂಗನಾಥ ಮತ್ತು ಊರಿನ ಜನ.

ಉಳಿದ ಈ ಜನರ ಪಾಡನ್ನು ನಾವು ಸ್ವಲ್ಪ ಯೋಚಿಸಬೇಕು. ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಏಳಕೂಡದು; ಅದರಾಚೆಯ 200 ಮೀಟರಿನಲ್ಲಿ ಕಟ್ಟುವುದಕ್ಕೂ ಅಪ್ಪಣೆ ಬೇಕು. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಇದರಿಂದ ತೊಂದರೆಯಿಲ್ಲ. ಸ್ಮಾರಕಗಳೇ ತುಂಬಿರುವ ಊರಿನಲ್ಲಿ ತಾತನ ಕಾಲದ ಹೆಂಚು ಸರಿಪಡಿಸುವುದಕ್ಕೂ ಅರ್ಜಿ ಹಿಡಿದು ನಿಲ್ಲಬೇಕು. ಕಾಯಿದೆ ತಪ್ಪೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಕಂದಕದ ಮೇಲೆ ಈಗಾಗಲೇ ಮಹಡಿಗಳು ಎದ್ದಿರುತ್ತಿದ್ದವು. ಆದರೆ ನಾಡಿನ ಪರವಾಗಿ ಕೋಟೆಯನ್ನು ಕಾಯುವ ಕಷ್ಟ ಈ ಜನರದಾದರೆ, ಕೋಟೆಯಿಂದ ಬರುವ ಲಾಭದಲ್ಲಿ ಪಾಲು ಯಾರದಾಗಬೇಕು? ದರಿಯಾ ದೌಲತ್ತಿನ ಟಿಕೆಟ್ಟಿನ ಹಣ ಇಲಾಖೆಗೆ, ಊಟದ ಹಣ ಹೆದ್ದಾರಿಯ ಹೋಟೆಲಿಗೆ, ರಾತ್ರಿಯ ವಸತಿಯ ಹಣ ಮೈಸೂರಿಗೆ. ಊರಿಗೆ ಉಳಿಯುವುದು ಬಸ್ಸಿನ ಧೂಳು.

ಪ್ರವಾಸಿಯನ್ನು ಊರೊಳಗೆ ಕರೆತರಲು ದೊಡ್ಡ ಯಂತ್ರೋಪಕರಣ ಬೇಕಿಲ್ಲವೆಂದು ನನ್ನ ನಂಬಿಕೆ. ಅಧ್ಯಾಪಕನಾಗಿದ್ದಾಗ ಎಂ.ಎ. ವಿದ್ಯಾರ್ಥಿಗಳನ್ನು ನಾನು ಇಲ್ಲಿಗೆ ರೈಲಿನಲ್ಲಿ ಕರೆತರುತ್ತಿದ್ದೆ. ನಿಲ್ದಾಣದಲ್ಲಿ ಇಳಿದರೆ ಕೋಟೆಯೊಳಗೇ ಇಳಿದಂತೆ; ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲನ್ನು ತಂದವರು ಗೋಡೆಯನ್ನು ಸೀಳಿಯೇ ತಂದರು. ಅಲ್ಲಿಂದ ನಡಿಗೆ. ಗುಡಿಯ ಗೋಪುರ, ಬೆಯ್ಲಿಯ ಸೆರೆಮನೆ, ನೀರಬಾಗಿಲು, ಗೋಡೆ ಒಡೆದು ಶತ್ರು ಹೊಕ್ಕ ವಾಯವ್ಯ ಮೂಲೆ, ಎರಡು ಮಿನಾರುಗಳ ಮಸೀದಿ. ನಡೆಯುವವನಿಗೆ ಇವೆಲ್ಲ ಒಂದೇ ಕಥೆಯ ಅಧ್ಯಾಯಗಳು, ಬಸ್ಸಿನವನಿಗೆ ಐದು ಬೇರೆ ಬೇರೆ ಚಿತ್ರಗಳು. ಮಧ್ಯಾಹ್ನ ಗುಡಿಯ ಬೀದಿಯ ಒಂದು ಮನೆಯಲ್ಲಿ ಮೊದಲೇ ಹೇಳಿಟ್ಟು ಊಟ ಮಾಡುತ್ತಿದ್ದೆವು. ಆ ಮನೆಯ ಅಜ್ಜಿ ಹುಳಿ ಬಡಿಸುತ್ತ ಹೇಳುತ್ತಿದ್ದ ಊರಿನ ಕಥೆಗಳ ಮುಂದೆ ನನ್ನ ಪಾಠ ಸಪ್ಪೆಯಾಗುತ್ತಿತ್ತು. ವಿದ್ಯಾರ್ಥಿಗಳು ಅದನ್ನು ನನ್ನೆದುರಿಗೇ ಹೇಳಿದ್ದೂ ಉಂಟು.

ದರಿಯಾ ದೌಲತ್ತನ್ನೇ ನೋಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಗೆಯ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ: ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೆಯ್ಲಿ, ಸುತ್ತ ಕುದುರೆಗಳ ಸಾಗರ. ಅದನ್ನು ನೋಡಿದವನನ್ನು, ಅದೇ ಬೆಯ್ಲಿಯ ಹೆಸರು ಹೊತ್ತ ಸೆರೆಮನೆಗೆ ನಡೆಸಿಕೊಂಡು ಹೋಗಬೇಕು. ಚಿತ್ರಕ್ಕೂ ಕತ್ತಲ ಕೋಣೆಗೂ ನಡುವಿನ ದಾರಿಯೇ ನಿಜವಾದ ಪ್ರದರ್ಶನ. ಆ ದಾರಿಯಲ್ಲಿ ಊರಿದೆ.

ಕನ್ನಡದ ಮೇಷ್ಟರಾದ ನನಗೆ ಇನ್ನೊಂದು ಕೊರಗು. ಈ ಕೋಟೆಯೆಂದರೆ ಕತ್ತಿ, ಫಿರಂಗಿ, ಮುತ್ತಿಗೆ ಎಂದೇ ಎಲ್ಲರೂ ತಿಳಿದಿದ್ದಾರೆ. 1673ರಿಂದ 1704ರವರೆಗೆ ಚಿಕ್ಕದೇವರಾಜ ಒಡೆಯರು ಇಲ್ಲಿ ಆಳಿದಾಗ ಇದು ಕನ್ನಡದ ಕೋಟೆಯೂ ಆಗಿತ್ತು. ತಿರುಮಲಾರ್ಯ, ಚಿಕ್ಕುಪಾಧ್ಯಾಯ ಇಲ್ಲಿದ್ದರು. ನಮಗೆ ದೊರೆತಿರುವ ಮೊದಲ ಕನ್ನಡ ನಾಟಕ, ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಈ ಆಸ್ಥಾನದ್ದು. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದದ್ದು ಈ ಪರಿಸರದಲ್ಲೇ. ಅವಳ ಹೆಸರಿನ ಒಂದು ಫಲಕವನ್ನು ನಾನು ಕೋಟೆಯಲ್ಲಿ ಕಂಡಿಲ್ಲ. ಫಿರಂಗಿ ನೋಡಲು ಬಂದವನಿಗೆ ಒಬ್ಬ ಹೆಣ್ಣುಮಗಳ ಕಾವ್ಯದ ಸುದ್ದಿ ಹೇಳಿದರೆ ಅವನು ಇನ್ನೊಂದು ಗಂಟೆ ನಿಲ್ಲಲಾರನೇ?

ಹಾಗೆ ನಿಂತವನು ಇರುಳು ತಂಗಿದರೆ ಮರುದಿನಕ್ಕೆ ಸುತ್ತಣ ಸೀಮೆ ಕಾದಿದೆ. ಗ್ಯಾಸೆಟಿಯರಿನ ಐತಿಹ್ಯದಂತೆ 1454ರಲ್ಲಿ ಈ ಕೋಟೆಯನ್ನು ಕಟ್ಟಿಸಿದವನು ನಾಗಮಂಗಲದ ತಿಮ್ಮಣ್ಣ. ಅವನ ಊರಿನಲ್ಲಿ ಸೌಮ್ಯಕೇಶವನ ಗುಡಿಯಿದೆ, ಸಮೀಪದ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿ. ಪಾಂಡವಪುರವನ್ನು ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದ ನೆನಪು ಅದು. ಅದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಪು.ತಿ.ನ. ಅವರ ಮನೆಯಿದೆ. ಕೃಷ್ಣರಾಜಪೇಟೆಯ ಕಡೆ ಹೊಸಹೊಳಲಿನ ಲಕ್ಷ್ಮೀನಾರಾಯಣ. ಕಿಕ್ಕೇರಿಯ ಬ್ರಹ್ಮೇಶ್ವರ, ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದೂ ಆ ಕಿಕ್ಕೇರಿಯಲ್ಲೇ, ಎ.ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು. ಕೋಟೆ ಬಾಗಿಲಾದರೆ ಇವೆಲ್ಲ ಒಳಮನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ರಾಜಸ್ಥಾನದ ಜೈಸಲ್ಮೇರ್ ಕೂಡ ಜನವಾಸವಿರುವ ಕೋಟೆ. ಅಲ್ಲಿ ಮನೆಗಳು ವಸತಿಗೃಹಗಳಾಗಿ, ಪ್ರವಾಸಿಗಳು ಬಳಸಿದ ನೀರು ನೆಲಕ್ಕೆ ಇಳಿದು, ಮರಳುಗಾಡಿನ ಆ ಗುಡ್ಡ ಸಡಿಲಗೊಂಡು ಕೊತ್ತಲಗಳು ಕುಸಿದವು. ಕೋಟೆಯೊಳಗೆ ಹೋಟೆಲು ಕಟ್ಟಿರೆಂದು ನಾನು ಹೇಳುತ್ತಿಲ್ಲ. ಇರುವ ಮನೆಗಳಲ್ಲಿ ಒಪ್ಪುವವರು ಒಂದೊಂದು ಕೋಣೆಯನ್ನು ಅತಿಥಿಗೆ ಬಿಡಲಿ. ಹಳೆಯ ಮನೆಯ ದುರಸ್ತಿಗೆ ಅಪ್ಪಣೆ ಬೇಗ ದೊರೆಯಲಿ. ಬಸ್ಸುಗಳು ಕೋಟೆಯ ಹೊರಗೆ ನಿಲ್ಲಲಿ. ಊರಿನ ಹುಡುಗ ಹುಡುಗಿಯರಿಗೆ ಶಾಸನ, ಶಿಲ್ಪ, ಇತಿಹಾಸಗಳನ್ನು ಕ್ರಮವಾಗಿ ಕಲಿಸಿ ಮಾರ್ಗದರ್ಶಿಗಳನ್ನಾಗಿ ಮಾಡಬೇಕು. ಸದ್ಯ ಕೆಲವರು ಹೇಳುವ ಸುರಂಗದ ಕಥೆಗಳನ್ನು ಕೇಳಿದರೆ ಮೈಸೂರಿನ ನೆಲವೆಲ್ಲ ಟೊಳ್ಳೆಂದು ತೋರುತ್ತದೆ!

ಆಗದ ಮಾತೆಂದು ಕೈಚೆಲ್ಲುವವರಿಗೆ ಒಂದು ಸಂಗತಿ ನೆನಪಿಸುತ್ತೇನೆ. 2017ರಲ್ಲಿ ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಿ ಇಟ್ಟರು. ಆ ದಿನಗಳಲ್ಲಿ ನಾನೂ ಹೋಗಿ ನಿಂತು ನೋಡಿದೆ. ಇಟ್ಟಿಗೆ ಗಾರೆಯ ಆ ಭಾರ ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ನೋಡಲು ನೆರೆದಿದ್ದವರಲ್ಲಿ ಬಹುಪಾಲು ಊರಿನವರೇ. ಮನೆಯಿಂದ ಚಾಪೆ ತಂದು ಹಾಸಿಕೊಂಡು ಕುಳಿತಿದ್ದರು. ಹೊರಗಿನಿಂದ ಬಂದ ನನಗೂ ಸ್ವಲ್ಪ ಜಾಗ ಬಿಟ್ಟುಕೊಟ್ಟು, ಮಜ್ಜಿಗೆ ಕೊಟ್ಟರು.